ನಾಯಿ ಕೂತ ಆರನೆಯ ಜಾಗ

ಕುಂದಾ ಕ್ಯಾಂಪ್,
2 ಮಾರ್ಚ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಯೋಗಿಗೆ, ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿ ಅಕ್ಕ ಬರೆಯುತ್ತಿರುವುದು.

ಮೊದಲು ಮೈ ಹೇಗಿದೆ ಹೇಳು. ಕೈ ನಡುಕ ನಿಂತಿತೇ? ಅನ್ನ ಸೇರುತ್ತಿದೆಯೇ? ಬೆಳಿಗ್ಗೆ ಫೋನಿನಲ್ಲಿ ಇದನ್ನೆಲ್ಲ ಕೇಳಿದ್ದೇನೆ, ನೀನೂ ಎಲ್ಲದಕ್ಕೂ ಹೂಂ ಅಂದಿದ್ದೀಯ. ಆದರೆ ಐದು ನಿಮಿಷದ ಫೋನು, ನಿನ್ನ ಹಿಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿ ನಿಂತು ಕೆಮ್ಮುತ್ತಿರುತ್ತಾರೆ, ಅಂಥ ಹೂಂ ಅನ್ನು ನಾನು ಹೇಗೆ ನಂಬಲಿ? ನಾವು ಚಳಿಯಲ್ಲಿ ಹುಟ್ಟಿದವರು. ಕೊಯಮತ್ತೂರಿನ ಸೆಕೆ ನಿನ್ನನ್ನು ಬೇಯಿಸಿಬಿಡುತ್ತದೇನೋ ಅನ್ನುವುದು ನನಗೆ ಒಂದು ಚಿಂತೆ, ಆ ಸೆಕೆಗೆ ನೀನು ರಾತ್ರಿಯೆಲ್ಲ ಫ್ಯಾನಿನ ಕೆಳಗೇ ಮಲಗಿ ಎದೆಗೆ ಶೀತ ಹಿಡಿಸಿಕೊಳ್ಳುತ್ತೀಯೇನೋ ಅನ್ನುವುದು ಇನ್ನೊಂದು. ಕಳಿಸಿದ ಎರಡು ಸ್ವೆಟರೂ ವಾಪಸು ಬಂದವು. ಒಂದನ್ನಾದರೂ ಇಟ್ಟುಕೊಳ್ಳಬಹುದಿತ್ತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಮೊಣಕಾಲು ಅದರ ಪಾಡಿಗೆ ಅದಿದೆ. ಫ್ಯೂಸ್ ಚೆನ್ನಾಗಿದ್ದಾನೆ, ಈಗ ನನ್ನ ಕಾಲಿನ ಮೇಲೇ ಮೂತಿ ಇಟ್ಟುಕೊಂಡು ಮಲಗಿದ್ದಾನೆ. ಬರೆಯುವಾಗ ಕಾಲು ಅಲ್ಲಾಡಿಸಿದರೆ ಗುರ್ ಅನ್ನುತ್ತಾನೆ. ನಾಯಿಗೆ ನೀನು ಕೊಟ್ಟ ಸಲಿಗೆ ಅಷ್ಟಿಷ್ಟಲ್ಲ.

ಇಷ್ಟೊಂದು ಕೇಳುವುದಕ್ಕೆ ಕಾರಣ ಇದೆ. ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಡ್ಯಾಮಿನ ನೀರು ಏರಿ ಏರಿ ನಮ್ಮ ಕ್ವಾರ್ಟರ್ಸಿನ ಮೆಟ್ಟಿಲಿಗೆ ಬಂದಿದೆ. ನೀರಿನ ಮೇಲೆ ಖಾಲಿ ಬಾಟ್ಲಿಗಳು, ಮುಚ್ಚಳ ಹಾಕಿದ್ದು, ಒಂದಕ್ಕೊಂದು ತಾಗಿ ಟಿಣ್ ಟಿಣ್ ಅಂತ ತೇಲಿಕೊಂಡು ಬರುತ್ತಿವೆ. ಕಾಲನಿಯವರೆಲ್ಲ ಮದುವೆ ಮೆರವಣಿಗೆ ನೋಡುವ ಹಾಗೆ ಬಾಗಿಲಲ್ಲಿ ನಿಂತಿದ್ದಾರೆ. ನಾನು ಸೀರೆ ಮೇಲೆತ್ತಿಕೊಂಡು ನೀರಿಗೆ ಇಳಿದು ಎಣಿಸುತ್ತಿದ್ದೇನೆ. ಐದು ಎಣಿಸುತ್ತೇನೆ, ತಪ್ಪಿಹೋಗುತ್ತದೆ. ಮತ್ತೆ ಮೊದಲಿಂದ ಎಣಿಸುತ್ತೇನೆ, ಮತ್ತೆ ಐದಕ್ಕೇ ತಪ್ಪುತ್ತದೆ. ಎಚ್ಚರವಾದಾಗ ಬೆರಳು ಹಾಗೇ ಮಡಚಿಕೊಂಡಿತ್ತು. ಕನಸಿಗೆ ಅರ್ಥ ಹುಡುಕಬಾರದು ಅಂತ ನೀನು ಬೈಯುತ್ತೀಯ. ಇದಕ್ಕೆ ಹುಡುಕಬೇಕಾಗಿಯೇ ಇಲ್ಲ, ಅರ್ಥ ನನ್ನ ಟ್ರಂಕಿನಲ್ಲೇ ಇದೆ. ಕುಡಿತ ಬಿಡಿಸುವ ಆ ನಿನ್ನ ಸೆಂಟರಿನಿಂದ ಬಂದ ಲಿಸ್ಟು.

ಆ ಕವರು ಬಂದು ಹದಿನೆಂಟು ದಿನವಾಯಿತು. ಒಳಗೆ ಎರಡು ಕಾಗದ. ಒಂದು, ನೀನು ಎಲ್ಲೆಲ್ಲಿ ಕೂತು ಕುಡಿಯುತ್ತಿದ್ದೆ ಅನ್ನುವ ಲಿಸ್ಟು, ನೀನು ತಮಿಳಿನಲ್ಲಿ ಕೈಯಲ್ಲಿ ಬರೆದದ್ದನ್ನು ಸೆಂಟರಿನವರು ಹಾಗೇ ಟೈಪು ಮಾಡಿ ಕಳಿಸಿದ್ದು. ಇನ್ನೊಂದು, ಅದು ಸರಿಯಾಗಿದೆ ಅಂತ ನಾನು ಸಹಿ ಹಾಕಬೇಕಾದ ಫಾರಂ. ಸಹಿ ಹಾಕಿ ಹದಿನೈದರೊಳಗೆ ಮುಟ್ಟಿಸಿದರೆ ನಿನ್ನನ್ನು ಇಪ್ಪತ್ತನೇ ತಾರೀಖು ಮನೆಗೆ ಬಿಡುತ್ತಾರೆ. ಹಾಕದಿದ್ದರೆ ಇನ್ನೂ ಅರವತ್ತು ದಿನ. ನಿನಗೆ ಪಾಠ ಹೇಳುವ ಮುರಳೀಧರನ್ ಸಾರ್ ಫೋನು ಮಾಡಿ, "ನೇರ್ಲ ಪೋಯಿ ಪಾರುಂಗಮ್ಮಾ, ಅಪ್ಪುರಂ ಕೈಯೆಳುತ್ತು ಪೋಡುಂಗ" ಅಂದರು. ಖುದ್ದಾಗಿ ಹೋಗಿ ನೋಡಿ ಆಮೇಲೆ ಸಹಿ ಹಾಕು ಅಂತ. ಇನ್ನೊಂದು ಮಾತೂ ಹೇಳಿದರು. ಲಿಸ್ಟಿನಲ್ಲಿ ಬರೆದ ಜಾಗದ ಬಗ್ಗೆ ಹೆದರಬೇಡಿ, ಬರೆಯದೆ ಬಿಟ್ಟ ಜಾಗ ಒಂದೇ ಒಂದಿದ್ದರೂ ಮನುಷ್ಯ ಹೊರಗೆ ಬಂದ ದಿನವೇ ನೆಟ್ಟಗೆ ಅಲ್ಲಿಗೇ ಹೋಗಿ ನಿಲ್ಲುತ್ತಾನೆ, ಅಂತ. ಮೊದಲೇ ನನಗೆ ಚಿಂತೆ ಮಾಡಲು ಕಾರಣ ಬೇಕಿಲ್ಲ. ಗ್ಯಾಸು ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸು ಬರುವವಳು. ಅಂಥವಳ ಕೈಗೆ ಪೆನ್ನು ಕೊಟ್ಟು ತಮ್ಮ ನಿಜ ಹೇಳಿದ್ದಾನೆ ಅಂತ ಬರೆದುಕೊಡು ಅಂದರೆ?

ಈಗ ಫ್ಯೂಸಿನ ವಿಷಯ ಹೇಳಬೇಕು. ಯಾಕಂದರೆ ನಿನ್ನ ಲಿಸ್ಟನ್ನು ನಾನು ಕಾಗದದಲ್ಲಿ ಓದುವುದಕ್ಕೆ ಮೊದಲೇ ಅವನು ನನಗೆ ಓದಿ ಹೇಳಿಬಿಟ್ಟಿದ್ದ, ನನಗೆ ತಿಳಿಯಲಿಲ್ಲ ಅಷ್ಟೇ. ನಿನ್ನನ್ನು ಬಸ್ಸು ಹತ್ತಿಸಿ ಬಂದ ಮರುದಿನ ಸಂಜೆ ನಾಲ್ಕೂವರೆಗೆ ಅವನು ಹಗ್ಗ ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಮುಂದೆ ನಿಂತ. ಯೋಗಿ ಇಲ್ಲ ಕಣೋ, ಮಲಗೋ ಅಂದೆ. ಕೇಳಲಿಲ್ಲ. ಅತ್ತ. ನಾಯಿ ಅಳುವುದನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. ಮೂರನೆಯ ದಿನ ತಡೆಯಲಾರದೆ ಹಗ್ಗ ಹಿಡಿದೆ. ನಮ್ಮ ಕಡೆಯ ಹೆಂಗಸರು ದನ ಹೊಡೆದುಕೊಂಡು ಹೋಗಿದ್ದಾರೆ, ಸೌದೆ ಹೊತ್ತು ಹೋಗಿದ್ದಾರೆ, ಎಲೆ ಕಿತ್ತು ಮೂಟೆ ಹೊತ್ತು ಫ್ಯಾಕ್ಟರಿಗೆ ಹೋಗಿದ್ದಾರೆ. ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಂಡು ಸುಮ್ಮನೆ ಹೋಗಿ ಸುಮ್ಮನೆ ಬಂದವರು ಯಾರೂ ಇಲ್ಲ. ಗೇಟಿನ ವಾಚ್‌ಮನ್ ಮಹಾಲಿಂಗಂ ಬಿಡುತ್ತಾರೆಯೇ? "ಏನಕ್ಕಾ, ತಮ್ಮನ ಶಿಫ್ಟಿಗೆ ನೀವು ಡ್ಯೂಟಿ ಹತ್ತಿದೀರಾ? ಓವರ್‌ಟೈಮ್ ಯಾರು ಕೊಡ್ತಾರೆ, ಫ್ಯೂಸಾ?" ಅಂದರು. ಕಾಡೆಮ್ಮೆ ಬಂದರೆ ಇರಲಿ ಅಂತ ನಾನು ಕೊಡೆ ಹಿಡಿದಿದ್ದೆ. ಅದಕ್ಕೂ, "ಅಕ್ಕಾ, ಕಾಡೆಮ್ಮೆ ಮಳೆಯಲ್ಲಿ ನೆನೆಯಬಾರದು ಅಂತಾನಾ?" ಅಂದರು. ಈಗ ದಿನಾ ಒಂದು ಮಾತು ಇಟ್ಟುಕೊಂಡೇ ಕಾಯುತ್ತಿರುತ್ತಾರೆ. ನಾನೂ ಒಂದು ದಿನ, "ನೀವು ಗೇಟು ಕಾಯಿರಿ ಮಹಾಲಿಂಗಂ, ನನ್ನನ್ನು ಕಾಯಬೇಡಿ" ಅಂದುಬಿಟ್ಟೆ. ಆಮೇಲೆ ಮೂರು ದಿನ ಗೇಟನ್ನು ಮಾತ್ರ ಕಾದರು.

ಈ ದಡದ ಮೇಲೆ ನಾನು ಹೀಗೆ ನಡೆದೇ ಇರಲಿಲ್ಲ ಯೋಗಿ. ಇಷ್ಟು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದ್ದೇ ನೋಡಿದ್ದು. ಈಗ ನೀರು ದಿನಕ್ಕೆ ಒಂದು ಗೇಣು ಹಿಂದಕ್ಕೆ ಹೋಗುತ್ತಿದೆ. ನಿನ್ನೆ ಕಾಲು ಹೂತುಹೋಗುತ್ತಿದ್ದ ಕೆಸರು ಇವತ್ತು ಹಪ್ಪಳದ ಹಾಗೆ ಒಣಗಿ ಮೇಲೆದ್ದಿರುತ್ತದೆ, ಅದರ ಮೇಲೆ ಬೆಳಿಗ್ಗೆ ನೀರು ಕುಡಿಯಲು ಬಂದು ಹೋದ ಕಾಡೆಮ್ಮೆಯ ಗೊರಸು ಅಚ್ಚೊತ್ತಿದ ಹಾಗೆ. ನೀನು ಹೋದಾಗ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು, ಈಗ ಅದು ನಿಂತಿದೆ. ಸೀಗೆ ಮರಗಳೆಲ್ಲ ಹೂ ಬಿಟ್ಟು ಅರಿಸಿನ ಎರಚಿದ ಹಾಗೆ ಹಳದಿ. ಪಕ್ಕದ ಮನೆ ವಸಂತಾಮಣಿಯ ಬೇಲಿಯಲ್ಲಿ ಪ್ಲಮ್ಸ್ ಮರ ಒಂದೂ ಎಲೆಯಿಲ್ಲದೆ ಬರೀ ಹೂವು. ಗಾಳಿ ಬಂದರೆ ನೀಲಗಿರಿ ಎಣ್ಣೆ ತೆಗೆಯುವ ಕರ್ಪೂರ ಮರದ ತೊಗಟೆ ಸುರುಳಿ ಸುರುಳಿ ನೀರಿಗೆ ಬೀಳುತ್ತದೆ. ಇದನ್ನೆಲ್ಲ ನೀನು ಎಂಟು ವರ್ಷ ದಿನಾ ನೋಡಿದ್ದೀಯ. ಮನೆಗೆ ಬಂದು ಒಂದು ದಿನವೂ ಹೇಳಲಿಲ್ಲವಲ್ಲ ಅಂತ ಮೊದಮೊದಲು ಅನಿಸಿತು. ಆಮೇಲೆ ಯೋಚಿಸಿದೆ, ನೀನು ನೋಡಿದೆಯೋ ಇಲ್ಲವೋ.

ಮೊದಲ ದಿನವೇ ಫ್ಯೂಸ್ ಪಂಪ್‌ಹೌಸಿನ ಹಿಂದೆ ಹೋಗಿ ಕೂತುಬಿಟ್ಟ. ಎಳೆದೆ, ಏಳಲಿಲ್ಲ. ಬೈದೆ, ಮುಖ ಆ ಕಡೆ ತಿರುಗಿಸಿಕೊಂಡ. ಏನೋ ನೋವು ಅಂತ ನಾನೂ ಒಂದು ಕಲ್ಲಿನ ಮೇಲೆ ಕೂತೆ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ, ಓಂ ನಮಃ ಶಿವಾಯ ಎಣಿಸತೊಡಗಿದೆ. ನೂರು ದಾಟಿತು. ಅವನು ತಾನಾಗೇ ಎದ್ದು ಮೈ ಕೊಡವಿ ಮುಂದೆ ಹೊರಟ. ಇನ್ನೊಂದು ಫರ್ಲಾಂಗು ಹೋಗಿ ಮೋರಿಯ ಹತ್ತಿರ ಕೂತ. ಅಲ್ಲಿಯೂ ನೂರು. ಆಮೇಲೆ ಮೂರು ಕವಲಿನ ಕರ್ಪೂರ ಮರ, ಆಮೇಲೆ ಮೀನಿನವರು ಬೋರಲು ಹಾಕಿದ ಹಳೇ ದೋಣಿ, ಆಮೇಲೆ ನೀರು ಅಳೆಯುವ ಕಂಬ. ದಿನಾ ಅವೇ ಜಾಗ, ಅಷ್ಟೇ ಹೊತ್ತು. ಕಾಲಿಗೆ ಮುಳ್ಳು ಚುಚ್ಚಿದೆ ಅಂದುಕೊಂಡೆ. ನಾಲ್ಕೂ ಪಾದಕ್ಕೆ ಅರಿಸಿನ ಎಣ್ಣೆ ಹಚ್ಚಿದೆ, ಅವನು ಮನೆಯೆಲ್ಲ ಹಳದಿ ಹೆಜ್ಜೆ ಹಾಕಿದ. ಸಂಧಿವಾತ ಇರಬೇಕು ಅಂತ ರಾಗಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟೆ. ಕಡೆಗೆ ಕ್ಯಾಂಪಿಗೆ ಬಂದ ದನದ ಡಾಕ್ಟರಿಗೆ ತೋರಿಸಿದೆ. ಅವರು ಕಾಲು ಮಡಚಿ ಬಿಚ್ಚಿ ನೋಡಿ, "ಏನೂ ಇಲ್ಲಮ್ಮಾ. ಯಾರೋ ಅಲ್ಲಲ್ಲಿ ಕೂತು ಕೂತು ಇವನಿಗೂ ಅದೇ ಅಭ್ಯಾಸ ಆಗಿದೆ" ಅಂದು ನಕ್ಕರು. ನಾನೂ ನಕ್ಕೆ. ನೋಡು ನನ್ನ ಬುದ್ಧಿ, ಆವತ್ತೂ ನನಗೆ ಹೊಳೆಯಲಿಲ್ಲ.

ಲಿಸ್ಟು ಬಂದ ದಿನ ಅದನ್ನು ವಸಂತಾಮಣಿ ಹತ್ತಿರ ಓದಿಸಿದೆ. ನನ್ನ ತಮಿಳು ನಿನಗೆ ಗೊತ್ತೇ ಇದೆ, ಬಸ್ಸಿನ ಬೋರ್ಡಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ಆಗುವುದಿಲ್ಲ. ಮೇಲೆ ಹೆಡ್ಡಿಂಗು ಅಕ್ಕಾ, ಕೆಳಗೆ ನಂಬರು ಹಾಕಿ ಐದು ಜಾಗ, ಅಂದಳು. ಪಂಪ್‌ಹೌಸ್ ಹಿಂಭಾಗ ಅಂದಾಗಲೇ ಇನ್ನೊಂದು ಸಲ ಓದು ಅಂದೆ. ಮೋರಿ, ಮರ, ದೋಣಿ, ಕಂಬ ಅಂತ ಅವಳು ಒಂದೊಂದಾಗಿ ಓದುವಾಗ ಫ್ಯೂಸ್ ಕೂತಿದ್ದ ಭಂಗಿಯೇ ಕಣ್ಣಿಗೆ ಬರುತ್ತಿತ್ತು. ನೂರು ನಾಮ ಹೇಳುವಷ್ಟು ಹೊತ್ತು ಅಂದರೆ ಒಬ್ಬ ಮನುಷ್ಯ ಒಂದು ಬಾಟ್ಲಿ ಬಿಚ್ಚಿ, ಬೇಕಾದಷ್ಟು ಕುಡಿದು, ಬಾಯಿ ಒರೆಸಿಕೊಂಡು ಏಳುವಷ್ಟು ಹೊತ್ತು. ನಿನ್ನ ಕುಡಿತದ ಜಾಗಗಳಲ್ಲಿ ನಾನು ಮೂರು ವಾರ ಕೂತು ಶಿವನಾಮ ಹೇಳಿದ್ದೆ. ವಸಂತಾಮಣಿ ಒಳ್ಳೆಯವಳು, ನನ್ನ ಮುಖ ನೋಡಿ, "ಬಿಡಕ್ಕಾ, ಎಲ್ಲೋ ಒಂದು ಕಡೆ ಶಿವ ಅವರ ಜೊತೆ ಹೋಗಿ ಕೂತಂಗಾಯ್ತಲ್ಲ" ಅಂದಳು.

ಇನ್ನೊಂದು ಮಾತು ನಿನ್ನ ಹತ್ತಿರ ಒಪ್ಪಿಕೊಳ್ಳಬೇಕು. ಈ ನಾಯಿಯನ್ನು ತಂದದ್ದು ನಾನು. ನಾಯಿ ಸಾಕಿದರೆ ಗಂಡಸು ಅಂಗಡಿ ಕಡೆ ಹೋಗುವುದು ಬಿಡುತ್ತಾನೆ, ಸಂಜೆ ನಾಯಿ ಹಿಂದೆ ಹೋಗುತ್ತಾನೆ ಅಂತ ಯಾರೋ ಹೇಳಿದ್ದರು. ಮರಿ ಬಂದ ವಾರಕ್ಕೇ ನಿನ್ನ ಟೂಲ್ ಬ್ಯಾಗಿನ ಫ್ಯೂಸ್ ತಂತಿ ಜಗಿದು ಹೆಸರು ತಾನೇ ಇಟ್ಟುಕೊಂಡಿತು. ನೀನು ನಿಜಕ್ಕೂ ಅಂಗಡಿ ಬಿಟ್ಟೆ. ದಿನಾ ಸಂಜೆ ನಾಯಿ ಹಿಡಿದು ಹೋಗುತ್ತಿದ್ದೆ. ನಾನು ಕಾಲನಿಯಲ್ಲಿ ಎಲ್ಲರ ಮುಂದೆ, ನಮ್ಮ ಯೋಗಿ ಈಗ ವಾಕಿಂಗ್ ಹೋಗುತ್ತಾನೆ ಅಂತ ಹೇಳಿಕೊಂಡೆ. ಎಷ್ಟು ಜನ ಒಳಗೊಳಗೇ ನಕ್ಕಿರಬೇಕು! ನಿನಗೆ ಕುಡಿಯಲು ಜೊತೆ ಕೊಟ್ಟವಳೂ ನಾನೇ ಆದೆ. ಅಮ್ಮ ಹೋದಾಗ ನಿನಗೆ ಒಂದೂವರೆ ವರ್ಷ, ನನಗೆ ಹನ್ನೆರಡು. ಗುಂಡ್ಲುಪೇಟೆಯಲ್ಲಿ ಸೋದರಮಾವನ ಮನೆಯಲ್ಲಿ ಇದ್ದು ಆರನೇ ಕ್ಲಾಸು ಓದುತ್ತಿದ್ದೆ, ಮಧ್ಯದಲ್ಲಿ ಬಿಡಿಸಿ ಕರೆದುಕೊಂಡು ಬಂದರು. ಅಲ್ಲಿಂದ ತಂದ ಕನ್ನಡ ಅಕ್ಷರ ಒಂದನ್ನು ಬಿಟ್ಟರೆ ನಿನಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ನೀನು ಸ್ಕೂಲಿನಲ್ಲಿ ತಮಿಳು ಬರೆದು ಬರುತ್ತಿದ್ದೆ, ನಾನು ಒಲೆ ಮುಂದೆ ಇದ್ದಿಲಲ್ಲಿ ಕನ್ನಡ ತಿದ್ದಿಸುತ್ತಿದ್ದೆ. ಎರಡು ವರ್ಷ ಗಂಡನ ಮನೆ ಕಂಡು ವಾಪಸು ಬಂದ ಮೇಲೂ ನನಗೆ ನೀನೇ ಮನೆ. ಇದನ್ನು ನಿನಗೆ ಭಾರ ಆಗಲಿ ಅಂತ ಬರೆಯುತ್ತಿಲ್ಲ. ಬರೆಯಬಾರದಿತ್ತೋ ಏನೋ, ಆದರೆ ಪೆನ್ನಿನಲ್ಲಿ ಬರೆದದ್ದು, ಹೊಡೆದುಹಾಕಿದರೆ ನೀನು ಬೆಳಕಿಗೆ ಹಿಡಿದು ಓದುತ್ತೀಯ.

ಇನ್ನು ಬುಧವಾರದ ವಿಷಯ. ಲಿಸ್ಟು ಹಿಡಿದು ಐದೂ ಜಾಗ ನೋಡಿದ್ದೆ, ಐದೂ ಸರಿ ಇತ್ತು. ದೋಣಿ ಕೆಳಗೆ ಮುಚ್ಚಳಗಳು ಸಿಕ್ಕವು, ಮರದ ಪೊಟರೆಯಲ್ಲಿ ಪ್ಲಾಸ್ಟಿಕ್ ಲೋಟ. ಮನಸ್ಸು ಹಗುರವಾಗಿತ್ತು ಅಂದರೆ ನಂಬು. ತಮ್ಮ ಕುಡಿದ ಜಾಗ ನೋಡಿ ಹಗುರವಾಗುವ ಅಕ್ಕ ಬೇರೆ ಯಾರಿದ್ದಾಳೆ? ಆದರೆ ನಿಜ ಬರೆದಿದ್ದಾನಲ್ಲ, ಒಂದನ್ನೂ ಮುಚ್ಚಿಡಲಿಲ್ಲವಲ್ಲ ಅಂತ. ಶಿವರಾತ್ರಿ ಕಳೆದು ಸಹಿ ಹಾಕಿ ಕಳಿಸೋಣ ಅಂದುಕೊಂಡೆ. ಬುಧವಾರ ಶಿವರಾತ್ರಿ. ಉಪವಾಸ ಇದ್ದೆ. ಕಂಬದಿಂದ ಆಚೆ ದಡ ಮೂಗಿನ ಹಾಗೆ ನೀರೊಳಗೆ ಚಾಚಿದೆಯಲ್ಲ, ಅದರ ತುದಿಯ ಗುಡಿಗೆ ದೀಪ ಹಚ್ಚಲು ಹೊರಟೆ. ಮಳೆಗಾಲವೆಲ್ಲ ಸುತ್ತ ನೀರು, ಈಗ ಕಾಲ್ದಾರಿ ಬಿಟ್ಟುಕೊಟ್ಟಿದೆ. ನಾಲ್ಕು ಗಂಟೆ ಬಿಸಿಲು. ಎಣ್ಣೆ ಬತ್ತಿ ಹಿಡಿದು ನಾನು, ಹಗ್ಗ ಎಳೆದುಕೊಂಡು ಫ್ಯೂಸ್. ಅವನಿಗೆ ಆ ದಾರಿ ತೋರಿಸಬೇಕಾಗಲೇ ಇಲ್ಲ. ನನಗಿಂತ ಮೊದಲು ಹೋಗಿ ಗುಡಿಯ ಹಿಂಭಾಗಕ್ಕೆ ಸುತ್ತು ಹಾಕಿ ಕೂತ.

ಗುಡಿಯ ಹಿಂದೆ ಅಮ್ಮ ದೀಪ ಇಡುತ್ತಿದ್ದ ಕಲ್ಲಿನ ಗೂಡು ಇದೆ, ನಿನಗೆ ನಾನೇ ತೋರಿಸಿಕೊಟ್ಟದ್ದು. ಅಮ್ಮನ ಮುಖ ನಿನಗೆ ನೆನಪಿಲ್ಲ ಅಂತ ನೀನು ಚಿಕ್ಕವನಿದ್ದಾಗ ಅತ್ತರೆ, ಇಲ್ಲಿ ಅಮ್ಮನ ಕೈ ಮಸಿ ಇದೆ ನೋಡು ಅಂತ ಆ ಕಪ್ಪನ್ನು ಮುಟ್ಟಿಸುತ್ತಿದ್ದೆ. ಆ ಗೂಡಿನಲ್ಲಿ ಒಂದು ಕ್ವಾರ್ಟರ್ ಬಾಟ್ಲಿ. ಖಾಲಿ. ಮುಚ್ಚಳ ಗಟ್ಟಿಯಾಗಿ ತಿರುಗಿಸಿ, ಲೇಬಲ್ಲನ್ನು ಗೋಡೆ ಕಡೆ ಮಾಡಿ ಇಟ್ಟಿತ್ತು. ಬೇರೆ ಯಾರದೋ ಇರಬಹುದು ಅಂತ ನಾನು ಹೇಳಿಕೊಂಡೆ. ಫ್ಯೂಸ್ ಅದರ ಕೆಳಗೇ ಕೂತಿದ್ದ, ಬಾಲವೂ ಆಡಿಸದೆ. ಎಣಿಸಿದೆ. ನೂರಕ್ಕೆ ಏಳಲಿಲ್ಲ. ಇನ್ನೂರಕ್ಕೆ ಏಳಲಿಲ್ಲ. ಮುನ್ನೂರು ದಾಟಿದ ಮೇಲೆ ಎಣಿಕೆ ಬಿಟ್ಟೆ. ಬಾಟ್ಲಿ ಮುಟ್ಟಲು ನನಗೆ ಕೈ ಬರಲಿಲ್ಲ. ದೀಪವನ್ನು ನೆಲದ ಮೇಲೆ ಇಟ್ಟು ಹಚ್ಚಿದೆ. ಗಾಳಿಗೆ ಆರಿತು, ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರನೆಯ ಸಲ ಕಡ್ಡಿ ಗೀಚಲಿಲ್ಲ. ಆ ಹೊತ್ತಿಗೆ ಫ್ಯೂಸ್ ಎದ್ದ.

ಆವತ್ತಿನಿಂದ ನಾಲ್ಕು ದಿನ ನನ್ನೊಳಗೆ ನಾನೇ ವಕೀಲಿ ಮಾಡಿದ್ದೇನೆ. ಮರೆತಿರಬಹುದು ಅಂತ ಒಂದು ಸಲ. ದೋಣಿ ಕೆಳಗಿನ ಮುಚ್ಚಳ ನೆನಪಿಟ್ಟವನು ಅಮ್ಮನ ಗೂಡನ್ನು ಮರೆತಾನೇ? ಒಂದೇ ದಿನ ಕುಡಿದಿರಬಹುದು, ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಇನ್ನೊಂದು ಸಲ. ಒಂದು ದಿನಕ್ಕೆ ನಾಯಿಗೆ ಅಭ್ಯಾಸ ಆಗುತ್ತದೆಯೇ? ನಾಚಿಕೆಯಾಗಿ ಬಿಟ್ಟಿದ್ದಾನೆ, ನಾನು ನೊಂದುಕೊಳ್ಳುತ್ತೇನೆ ಅಂತ ಬಿಟ್ಟಿದ್ದಾನೆ ಅಂದುಕೊಂಡರೆ ನಿನ್ನ ಮೇಲೆ ಕರುಳು ಚುರ್ ಅನ್ನುತ್ತದೆ, ಆಗಲೇ ಮುರಳೀಧರನ್ ಸಾರ್ ಮಾತು ನೆನಪಾಗುತ್ತದೆ. ಬರೆಯದೆ ಬಿಟ್ಟ ಜಾಗ. ಇಪ್ಪತ್ತನೇ ತಾರೀಖು ನೀನು ಬಸ್ಸಿಳಿದು, ಬ್ಯಾಗು ಮನೆಯಲ್ಲಿಟ್ಟು, ಕಾಫಿ ಕುಡಿದು, ಅಕ್ಕಾ ನಾಯಿ ತಿರುಗಾಡಿಸಿಕೊಂಡು ಬರ್ತೀನಿ ಅಂತ ಹಗ್ಗ ತೆಗೆದುಕೊಳ್ಳುತ್ತೀಯ. ನಾನು ಹೋಗಬೇಡ ಅನ್ನಲೇ? ಜೊತೆಗೆ ಬರುತ್ತೇನೆ ಅನ್ನಲೇ? ಎಷ್ಟು ದಿನ? ಕುಡಿದದ್ದಕ್ಕೆ ನನಗೆ ಸಿಟ್ಟಿಲ್ಲ ಯೋಗಿ. ಅಮ್ಮನ ಗೂಡಿನಲ್ಲಿ ಇಟ್ಟದ್ದಕ್ಕೂ ಈಗ ಸಿಟ್ಟಿಲ್ಲ, ಬೇರೆ ಎಲ್ಲಿಯೂ ಹೇಳಲಾಗದ್ದನ್ನು ಅಲ್ಲಿ ಕೂತು ಹೇಳಿಕೊಂಡಿರಬಹುದು ಅಂತ ನನಗೆ ತಿಳಿಯುತ್ತದೆ. ಅಲ್ಲಿ ಕೂತದ್ದನ್ನು ನನ್ನಿಂದ ಮುಚ್ಚಿಟ್ಟೆಯಲ್ಲ, ಅದು.

ಅದಕ್ಕೇ ಸಹಿ ಹಾಕಿಲ್ಲ. ಫಾರಂ ಹಾಗೇ ಖಾಲಿಯಾಗಿ, ಲಿಸ್ಟನ್ನೂ ಸೇರಿಸಿ, ಇದರ ಜೊತೆ ಇಟ್ಟಿದ್ದೇನೆ. ಇನ್ನೂ ಅರವತ್ತು ದಿನ ಇರಬೇಕಾದರೆ ಇರು. ಆಫೀಸಿಗೆ ರಜೆ ಮುಂದುವರಿಸಿ ಅಂತ ನಾನೇ ಹೋಗಿ ಕೇಳುತ್ತೇನೆ. ಅಕ್ಕ ಕೈಬಿಟ್ಟಳು ಅಂದುಕೊಳ್ಳಬೇಡ. ಅಂದುಕೊಂಡರೂ ಊಟ ಬಿಡಬೇಡ. ಈ ಕಾಗದ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು, ಬೆಳಿಗ್ಗೆ ಫೋನಿನಲ್ಲಿ ನಿನ್ನ ದನಿ ಕೇಳಿ ಇನ್ನೇನು ಹರಿದುಹಾಕುತ್ತಿದ್ದೆ.

ವಸಂತಾಮಣಿ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ಮಹಾಲಿಂಗಂ ಅವರದೂ ಒಂದು ಸಲಾಮು, ಮಾತು ಮಾತ್ರ ಇಲ್ಲಿ ಬರೆಯುವಂಥದ್ದಲ್ಲ. ಫ್ಯೂಸ್ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ, ನಾಲ್ಕೂವರೆ ಆಯಿತು ಅಂತ ಈಗ ಎದ್ದು ನಿಂತಿದ್ದಾನೆ. ಶಿವ ನಿನ್ನ ಕೈ ಹಿಡಿಯಲಿ, ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ.

ಇಂತಿ ನಿನ್ನ ಅಕ್ಕ,
ಹೇಮಾ

ಸೋಮವಾರ, ಊಟಿ ಬಸ್‌ಸ್ಟ್ಯಾಂಡ್. ಅಂಟಿಸಿದ ಕವರನ್ನು ಕಿತ್ತು ಬರೆಯುತ್ತಿದ್ದೇನೆ, ಮೂಲೆ ಹರಿದದ್ದಕ್ಕೆ ಬೇಜಾರು ಮಾಡಬೇಡ. ಪೋಸ್ಟಾಫೀಸು ತೆರೆಯಲು ಹೊತ್ತಿತ್ತು, ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಬೋರ್ಡು ಓದಿದೆ, ಕೂ-ಡ-ಲೂರ್. ನನ್ನ ಬಾಯಿ ಅದರಷ್ಟಕ್ಕೆ ಗೂಡಲೂರು ಅಂತು. ನಾವು ಗೂಡಲೂರು ಅನ್ನುತ್ತೇವೆ, ಅವರು ಕೂಡಲೂರ್ ಅನ್ನುತ್ತಾರೆ, ಬೋರ್ಡು ಒಂದೇ. ತಮಿಳಿನಲ್ಲಿ ಕ-ಗೆ ಬೇರೆ, ಗ-ಗೆ ಬೇರೆ ಅಂತ ಅಕ್ಷರ ಇಲ್ಲವಲ್ಲ, ಒಂದರಲ್ಲೇ ಎರಡನ್ನೂ ಬರೆಯಬೇಕು. ಅಲ್ಲೇ ಕವರು ಕಿತ್ತೆ. ಲಿಸ್ಟು ತೆಗೆದು ಬೆರಳಿಟ್ಟು ನಾನೇ ಓದಿದೆ. ಮೇಲೆ ನಂಬರಿಲ್ಲದೆ ಇರುವ ಒಂದು ಮಾತು, ವಸಂತಾಮಣಿ ಹೆಡ್ಡಿಂಗು ಅಂತ ಬಿಟ್ಟದ್ದು, ಎರಡೇ ಅಕ್ಷರ. ಅವಳು ತಮಿಳಿನವಳು, ಅವಳಿಗೆ ಅದು ಕುಡಿ. ಟೈಪು ಮಾಡಿದವರಿಗೂ ಕುಡಿ. ಕುಡಿತದ ಲಿಸ್ಟಿಗೆ ಮೇಲೆ ಕುಡಿ ಅಂತ ಇದ್ದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಆದರೆ ನಮ್ಮ ಮನೆಯಲ್ಲಿ ದೇವಸ್ಥಾನಕ್ಕೆ ತಮಿಳರ ಹಾಗೆ ಯಾರು ಕೋವಿಲ್ ಅನ್ನುತ್ತಾರೆ, ನೀನು ಹುಟ್ಟಿದಾಗಿನಿಂದ ಗುಡಿ ಅಂತಲೇ ಅಂದವನು, ತಮಿಳಿನಲ್ಲಿ ಬರೆದರೂ ಅದೇ ಎರಡು ಅಕ್ಷರ. ಶಿವರಾತ್ರಿಗೆ ಮುಂಚಿನ ಭಾನುವಾರ ಫೋನಿನಲ್ಲಿ ನೀನು, "ಮೊದಲನೇದನ್ನ ಓದಿ ನೊಂದ್ಕೋಬೇಡಕ್ಕಾ" ಅಂದೆ, ನಾನು ಪಂಪ್‌ಹೌಸ್ ಅಂದುಕೊಂಡು, ಅದು ಮನೆಗೆ ಹತ್ತಿರ ಅಂತ ಹೇಳುತ್ತಿದ್ದೀಯ ಅಂದುಕೊಂಡು ಹೂಂ ಅಂದಿದ್ದೆ.

ಫಾರಂ ಕವರಿನಿಂದ ತೆಗೆದು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ, ಹದಿನೈದಕ್ಕೆ ಇನ್ನೂ ಹನ್ನೆರಡು ದಿನ ಇದೆ. ನಿನ್ನೆ ಬರೆದದ್ದನ್ನು ಹರಿಯುವುದಿಲ್ಲ, ನಾನು ಏನೆಂದುಕೊಂಡೆ ಅನ್ನುವುದೂ ನಿನಗೆ ಗೊತ್ತಿರಲಿ. ಉತ್ತರವನ್ನು ನಾನೇ ಹೇಳಿಕೊಟ್ಟ ಹಾಗಾಯಿತು, ಅದೂ ಈಗ ಒಂದು ಚಿಂತೆ. ನನ್ನನ್ನು ಸಮಾಧಾನ ಮಾಡಲು ಏನೂ ಬರೆಯಬೇಡ. ನೀನು ಕೈಯಲ್ಲಿ ಬರೆದ ಹಾಳೆ ಮುರಳೀಧರನ್ ಸಾರ್ ಫೈಲಿನಲ್ಲಿ ಇರುತ್ತದೆ, ಅದನ್ನು ಕೇಳಿ ತೆಗೆಸು, ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಲಿನ ಆ ಸಾಲನ್ನು ಇನ್ನೊಂದು ಸಲ ನೋಡು. ನೋಡಿ ಕನ್ನಡದಲ್ಲಿ ಬರಿ, ಕನ್ನಡದಲ್ಲೇ: ಅದು ಕುಡಿಯೋ, ಗುಡಿಯೋ?